ಠಾಣೆಗೆ ಹೋಗಲು ಹೆದರಿಕೆಯಾ? ಕೈಯಲ್ಲಿ ಕಾಗದ ಇರಲಿ: ಮಲೆನಾಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕಳೆದ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಕೆಳಗಿನ ಮನೆ ಅಕ್ಕನ ಅಡಿಕೆ ಕೋಣೆಯಿಂದ ಮೂರು ಮೂಟೆ ರಾಶಿ ಅಡಿಕೆ ಕಳವಾಯಿತು. ಬೀಗ ಮುರಿದು ಒಯ್ದಿದ್ದರು. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ತೋಟದ ನಡುವೆ ಒಂಟಿ ಮನೆಗಳು. ರಾತ್ರಿ ನಾಯಿ ಬೊಗಳಿದರೆ ಹಂದಿ ಬಂತು ಅಂದುಕೊಂಡು ಮಗ್ಗುಲು ಬದಲಿಸುತ್ತೇವೆ. ಆ ರಾತ್ರಿಯೂ ಹಾಗೇ ಆಯಿತು.

"ಕಂಪ್ಲೇಂಟ್ ಕೊಡೋಣ ಅಕ್ಕ" ಅಂದೆ. "ಹೋದ ಅಡಿಕೆ ಹೋಯ್ತು ತಮ್ಮಾ, ಸ್ಟೇಷನ್ ಮೆಟ್ಟಿಲು ಮಾತ್ರ ಬೇಡ" ಅಂದರು. ಒಪ್ಪಿಸಲು ಮೂರು ದಿನ ಹಿಡಿಯಿತು. ಕೊನೆಗೆ ಬಸ್ಸಿಳಿದು ಠಾಣೆಯ ಗೇಟಿನ ಹತ್ತಿರ ಹೋದರೆ ಅಕ್ಕನ ಕಾಲು ಅಲ್ಲೇ ನಿಂತಿತು. ಅರ್ಜಿಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಬಿಚ್ಚಿ ನೋಡಿದರೆ ಬೆವರಿಗೆ ಶಾಯಿ ಹರಡಿ, ಮಾಲಿನ ತೂಕ ಮತ್ತು ಬೆಲೆ ಬರೆದ ಸಾಲು ಪೂರ್ತಿ ಅಳಿಸಿಹೋಗಿತ್ತು. ಎದುರಿನ ಹೋಟೆಲಿನಲ್ಲಿ ಕೂತು ಮತ್ತೆ ಬರೆದೆವು. ಆ ಅಳಿಸಿಹೋದ ಸಾಲೇ ಎಲ್ಲಕ್ಕಿಂತ ಮುಖ್ಯವಾದ ಸಾಲು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಲವು ವರ್ಷಗಳಿಂದ ಅಕ್ಕಪಕ್ಕದವರಿಗೆ ಅರ್ಜಿ ಬರೆದು ಕೊಡುತ್ತಾ, ಜೊತೆಗೆ ಠಾಣೆಗೆ ಹೋಗುತ್ತಾ ಬಂದಿದ್ದೇನೆ. ನಾನು ವಕೀಲನಲ್ಲ. ಆದರೆ ಒಂದು ವಿಷಯ ಚೆನ್ನಾಗಿ ಗೊತ್ತಾಗಿದೆ. ಬರಿಗೈಯಲ್ಲಿ ಹೋದವರು ಬೈಸಿಕೊಂಡು ಬರಿಗೈಯಲ್ಲೇ ಬರುತ್ತಾರೆ. ಕಾಗದ ಹಿಡಿದು ಹೋಗಿ ಕಾಗದ ಹಿಡಿದು ಬಂದವರಿಗೆ ಎರಡನೇ ಸಲ ಹೆದರಿಕೆ ಅರ್ಧ ಆಗುತ್ತದೆ.

ಈ ಹೆದರಿಕೆ ಸುಮ್ನೆ ಬಂದಿದ್ದಲ್ಲ

"ತಪ್ಪು ಮಾಡದವರಿಗೆ ಪೊಲೀಸರ ಭಯ ಯಾಕೆ?" ಅಂತ ಕೇಳುವವರಿದ್ದಾರೆ. ನಮ್ಮ ಜಿಲ್ಲೆಯ ಹಿರಿಯರನ್ನು ಮಾತಾಡಿಸಿದರೆ ಉತ್ತರ ಸಿಗುತ್ತದೆ. 1942ರ ಸೆಪ್ಟೆಂಬರ್‌ನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಜನರಿಗೂ ಪೊಲೀಸರಿಗೂ ಘರ್ಷಣೆಯಾಗಿ, ತಾಲ್ಲೂಕಿನ ಅಧಿಕಾರಿಯಾಗಿದ್ದ ಅಮಲ್ದಾರರು ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. ಆಮೇಲೆ ಊರಿಗೆ ನುಗ್ಗಿದ ಪೊಲೀಸರಿಗೆ ಹೆದರಿ ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಉಳುವ ಭೂಮಿಗಾಗಿ ಸತ್ಯಾಗ್ರಹಕ್ಕೆ ಇಳಿದಾಗ ನೂರಾರು ಜನ ಜೈಲಿಗೆ ಹೋದರು. 2000ದ ನಂತರದ ವರ್ಷಗಳಲ್ಲಿ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಕಾಡಂಚಿನ ಮನೆಗಳಿಗೆ ನಕ್ಸಲರ ಭಯ ಒಂದು ಕಡೆ, ಅವರನ್ನು ಹುಡುಕಿ ಕೂಂಬಿಂಗ್‌ಗೆ ಬಂದ ಪೊಲೀಸರ ಪ್ರಶ್ನೆ ಇನ್ನೊಂದು ಕಡೆ. ಯಾರಿಗೆ ಊಟ ಹಾಕಿದರೂ ತಪ್ಪು ಅನ್ನುವ ಕಾಲ ಅದು.

ಇದರ ಮೇಲೆ ನಾವೇ ಮಕ್ಕಳಿಗೆ "ಊಟ ಮಾಡದಿದ್ರೆ ಪೊಲೀಸ್‌ಗೆ ಹಿಡಿದು ಕೊಡ್ತೀನಿ" ಅಂತ ಹೆದರಿಸುತ್ತೇವೆ. ಇದೊಂದನ್ನು ದಯವಿಟ್ಟು ಇವತ್ತೇ ಬಿಡಿ. ದಾರಿ ತಪ್ಪಿದ ಮಗು ಯಾರ ಹತ್ತಿರ ಓಡಬೇಕೋ ಅವರಿಂದಲೇ ಓಡಿಹೋಗುವ ಹಾಗೆ ಮಾಡುತ್ತಿದ್ದೇವೆ.

ಪೊಲೀಸರ ಕಡೆಯಿಂದಲೂ ನೋಡಬೇಕು. ಒಂದೊಂದು ಠಾಣೆಗೆ ಗುಡ್ಡ, ಕಾಡು, ಹೊಳೆ ದಾಟಿ ಹತ್ತಾರು ಹಳ್ಳಿ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೂ ಅವರೇ ಬರಬೇಕು, ಜಾತ್ರೆಗೂ ಅವರೇ, ಬಂದೋಬಸ್ತಿಗೂ ಅವರೇ. ಅದರಿಂದ ಬೈಗುಳ ಸರಿಯಾಗುವುದಿಲ್ಲ. ಆದರೆ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಮುಖ ಗಂಟು ಹಾಕಿಕೊಂಡಿದ್ದರೆ ಅದು ನಿಮ್ಮ ಮೇಲಿನ ಸಿಟ್ಟೇ ಅಂದುಕೊಳ್ಳಬೇಕಾಗಿಲ್ಲ.

1. ಯಾವ ಭಯ ಅಂತ ಬಿಡಿಸಿ ನೋಡಿ

ಹೋಗುವ ಮುಂಚೆ ಮನೆಯಲ್ಲೇ ಕೂತು ಕೇಳಿಕೊಳ್ಳಿ. ಏಕವಚನದಲ್ಲಿ ಬೈಯುತ್ತಾರೆ ಅಂತಲಾ? ದುಡ್ಡು ಕೇಳುತ್ತಾರೆ ಅಂತಲಾ? ಊರಲ್ಲಿ ಹೆಸರು ಕೆಡುತ್ತದೆ ಅಂತಲಾ? ಎದುರು ಪಾರ್ಟಿ ಸೇಡು ತೀರಿಸಿಕೊಳ್ಳುತ್ತಾರೆ ಅಂತಲಾ? ಕೋರ್ಟಿಗೆ ಅಲೆಯಬೇಕು ಅಂತಲಾ? ಒಂದೊಂದಕ್ಕೂ ಮದ್ದು ಬೇರೆ. ಎದುರಿನವರಿಂದ ಅಪಾಯ ಇದೆ ಅನಿಸಿದರೆ ದೂರಿನಲ್ಲೇ ಅದನ್ನೂ ಬರೆಯಬೇಕು. ಬೈಗುಳದ ಭಯಕ್ಕೆ ಜೊತೆಗೆ ಒಬ್ಬರು ಇದ್ದರೆ ಸಾಕಾಗುತ್ತದೆ. ದುಡ್ಡಿನ ವಿಷಯಕ್ಕೆ ಬೇರೆಯೇ ಬಾಗಿಲು ಇದೆ, ಅದು ಮುಂದೆ ಬರುತ್ತದೆ. ಒಂದು ಮಾತು ಈಗಲೇ ಹೇಳುತ್ತೇನೆ: ದೂರು ಕೊಡಲು, ಎಫ್‌ಐಆರ್ ಪ್ರತಿ ಪಡೆಯಲು ಒಂದು ರೂಪಾಯಿ ಶುಲ್ಕವೂ ಇಲ್ಲ.

2. ವಿಷಯ ಠಾಣೆಯದ್ದಾ, ಬೇರೆ ಕಡೆಯದ್ದಾ?

ನಮ್ಮ ಕಡೆ ಜಗಳದಲ್ಲಿ ಜಾಸ್ತಿ ಪಾಲು ಬೇಲಿ, ದಾರಿ, ನೀರು. "ನಮ್ಮ ಜಾಗಕ್ಕೆ ಒಂದು ಗಜ ಒಳಗೆ ಬೇಲಿ ಹಾಕಿದ್ದಾರೆ" ಅಂತ ಠಾಣೆಗೆ ಹೋದರೆ ಅವರು ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುತ್ತಾರೆ ಅಷ್ಟೇ. ಜಾಗ ಯಾರದ್ದು ಅಂತ ತೀರ್ಮಾನ ಮಾಡುವ ಅಧಿಕಾರ ಪೊಲೀಸರಿಗಿಲ್ಲ. ಅದಕ್ಕೆ ಗಡಿ ಅಳೆದು ಗುರುತಿಸುವ ಹದ್ದುಬಸ್ತು ಸರ್ವೆಗೆ ಅರ್ಜಿ ಹಾಕಬೇಕು, ಬಗೆಹರಿಯದಿದ್ದರೆ ಸಿವಿಲ್ ಕೋರ್ಟು. ಬೇಲಿ ಕೀಳುವಾಗ ಕತ್ತಿ ಬೀಸಿದರು, ಹೊಡೆದರು, ಕೊಲ್ಲುತ್ತೇನೆ ಅಂದರು ಅನ್ನುವುದು ಮಾತ್ರ ಪೊಲೀಸರ ವಿಷಯ. ದೂರಿನಲ್ಲಿ ಹತ್ತು ವರ್ಷದ ಜಾಗದ ಕತೆ ಬರೆದು, ಹೊಡೆದದ್ದನ್ನು ಕೊನೆಯ ಸಾಲಿನಲ್ಲಿ ಬರೆಯುವವರು ಬಹಳ. "ಇದು ಸಿವಿಲ್ ಮ್ಯಾಟರ್" ಅಂತ ವಾಪಸ್ ಕಳಿಸಿದಾಗ ಅವಮಾನ ಆಯಿತು ಅಂದುಕೊಳ್ಳುತ್ತಾರೆ. ಹೊಡೆದದ್ದನ್ನು ಮೊದಲ ಸಾಲಿನಲ್ಲಿ ಬರೆಯಿರಿ.

ಅಪರಾಧಗಳಲ್ಲೂ ಎರಡು ಬಗೆ. ಕಾಗ್ನಿಜಬಲ್ ಅಂದರೆ ಪೊಲೀಸರು ನೇರವಾಗಿ ಕೇಸು ದಾಖಲಿಸಿ ತನಿಖೆ ಮಾಡಬಹುದಾದವು. ಇನ್ನೊಂದು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ತನಿಖೆ ಮಾಡಲಾಗದ ಸಣ್ಣ ಪ್ರಕರಣಗಳು. ಇವನ್ನು ಎನ್‌ಸಿ ಅಂತ ಬರೆದುಕೊಂಡು ಮ್ಯಾಜಿಸ್ಟ್ರೇಟರ ಹತ್ತಿರ ಹೋಗಲು ಹೇಳುತ್ತಾರೆ.

ಅಕ್ಕನ ಅಳಿಸಿಹೋದ ಸಾಲು ಬರುವುದು ಇಲ್ಲಿಯೇ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಮೂಲಿ ಕಳ್ಳತನವನ್ನು ಅಸಂಜ್ಞೇಯ ಅಂತ ಇಟ್ಟಿದ್ದಾರೆ. "ಸ್ವಲ್ಪ ಅಡಿಕೆ ಕಳವಾಗಿದೆ" ಅಂತ ಬರೆದರೆ ಆ ಸಾಲಿಗೆ ಬಲವೇ ಇಲ್ಲ. ಎಷ್ಟು ಮೂಟೆ, ಎಷ್ಟು ಕೆ.ಜಿ., ಆ ದಿನದ ಮಾರುಕಟ್ಟೆ ದರದಲ್ಲಿ ಎಷ್ಟು ರೂಪಾಯಿ ಅಂತ ಬರೆಯಿರಿ. ಎಲ್ಲಿಂದ ಹೋಯಿತು ಅನ್ನುವುದೂ ಅಷ್ಟೇ ಮುಖ್ಯ. ಅಂಗಳದಲ್ಲಿ ಹರವಿದ್ದಾ, ಮನೆಯೊಳಗಾ, ಬೀಗ ಹಾಕಿದ ಕೋಣೆಯಾ? ಮನೆ ಅಥವಾ ಮಾಲು ಇಡುವ ಕಟ್ಟಡದೊಳಗಿನ ಕಳ್ಳತನಕ್ಕೆ ಬೇರೆ ಸೆಕ್ಷನ್, ಹೆಚ್ಚು ಶಿಕ್ಷೆ.

ಜೀವಕ್ಕೆ ಅಪಾಯ ಇದ್ದಾಗ ಇದ್ಯಾವುದನ್ನೂ ಯೋಚಿಸುತ್ತಾ ಕೂರಬೇಡಿ. 112ಕ್ಕೆ ಫೋನ್ ಮಾಡಿ. ಮಕ್ಕಳ ವಿಷಯಕ್ಕೆ 1098, ಹೆಣ್ಣುಮಕ್ಕಳಿಗೆ 181, ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ತಕ್ಷಣ 1930.

3. ಕಷ್ಟ ಬರುವ ಮುಂಚೆ ಬೀಟ್ ಪೊಲೀಸರನ್ನು ಪರಿಚಯ ಮಾಡಿಕೊಳ್ಳಿ

ಪ್ರತಿ ಹಳ್ಳಿಗೂ ಒಬ್ಬ ಬೀಟ್ ಪೊಲೀಸ್ ಇರುತ್ತಾರೆ. ನಿಮ್ಮ ಊರಿಗೆ ಯಾರು ಅಂತ ಗೊತ್ತಾ? ಠಾಣೆಗೆ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ನಂಬರ್ ತೆಗೆದುಕೊಂಡು ಹೆಂಗಸರ ಫೋನಿನಲ್ಲೂ ಹಾಕಿಡಿ. 2025ರಲ್ಲಿ ರಾಜ್ಯದಲ್ಲಿ ಮನೆ ಮನೆಗೆ ಪೊಲೀಸ್ ಅನ್ನುವ ಕಾರ್ಯಕ್ರಮ ಶುರುವಾಗಿದೆ. ಬೀಟಿನವರು ತಾವೇ ಮನೆಗೆ ಬಂದು ಮಾತಾಡಿಸಬೇಕು ಅನ್ನುವುದು ಅದರ ಉದ್ದೇಶ. ಅವರು ಬಂದಾಗ ಬಾಗಿಲ ಮರೆಗೆ ಸರಿಯಬೇಡಿ. ಜಗಲಿಯಲ್ಲಿ ಕೂರಿಸಿ. ಯಾವ ತಿರುವಿನಲ್ಲಿ ರಾತ್ರಿ ಬೈಕು ನಿಲ್ಲುತ್ತದೆ, ಯಾವ ಮನೆಯಲ್ಲಿ ವಯಸ್ಸಾದವರು ಇಬ್ಬರೇ ಇದ್ದಾರೆ ಅಂತ ಹೇಳಿ.

ಕೋವಿ ಲೈಸೆನ್ಸ್ ಇರುವವರಿಗೆ ಠಾಣೆಯ ದಾರಿ ಹೊಸದಲ್ಲ. ಚುನಾವಣೆ ಬಂದಾಗೆಲ್ಲ ಕೋವಿ ಠೇವಣಿ ಇಡಬೇಕು. ಅತ್ತ ಮಂಗ, ಹಂದಿ ತೋಟ ಹಾಳು ಮಾಡುತ್ತಿರುತ್ತವೆ. "ನಮ್ಮನ್ನೇ ಕಳ್ಳರ ಹಾಗೆ ನೋಡ್ತಾರೆ" ಅನ್ನುವ ಬೇಸರ ನ್ಯಾಯವಾದದ್ದೇ. ಇಡುವಾಗ ಕೋವಿಯ ನಂಬರ್, ಲೈಸೆನ್ಸ್ ನಂಬರ್, ದಿನಾಂಕ ಇರುವ ರಸೀದಿ ಕೇಳಿ ಪಡೆಯಿರಿ. ಕೋವಿಯ ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ತರುವ ದಿನ ಜಗಳ ಇರುವುದಿಲ್ಲ.

4. ದೂರು ಬರೆಯುವುದು

ಬರೆಯಲು ಬಾರದಿದ್ದರೂ ತೊಂದರೆ ಇಲ್ಲ. ಬಾಯಲ್ಲಿ ಹೇಳಿದ್ದನ್ನು ಪೊಲೀಸರೇ ಬರೆದುಕೊಂಡು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಕಾನೂನು ಹಾಗೇ ಹೇಳುತ್ತದೆ. ಆದರೂ ಮನೆಯಲ್ಲೇ ಬರೆದುಕೊಂಡು ಹೋಗಿ ಅನ್ನುತ್ತೇನೆ ನಾನು. ಆ ಮೇಜಿನ ಮುಂದೆ ನಿಂತಾಗ ಅರ್ಧ ಮಾತು ಮರೆತುಹೋಗುತ್ತದೆ.

ಕನ್ನಡದಲ್ಲೇ ಬರೆಯಿರಿ, ನೀವು ಮಾತಾಡುವ ಹಾಗೇ. ನಾವು ಹೋಟೆಲಿನಲ್ಲಿ ಕೂತು ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

"ಠಾಣಾಧಿಕಾರಿಗಳಿಗೆ. ವಿಷಯ: ಬೀಗ ಮುರಿದು ಅಡಿಕೆ ಕಳವು ಮಾಡಿದ ಬಗ್ಗೆ ದೂರು. ಸೋಮವಾರ ರಾತ್ರಿ 9 ಗಂಟೆಗೆ ನಾನೇ ಅಡಿಕೆ ಕೋಣೆಗೆ ಬೀಗ ಹಾಕಿ ಮಲಗಿದ್ದೆ. ಮಂಗಳವಾರ ಬೆಳಿಗ್ಗೆ 6 ಗಂಟೆಗೆ ನೋಡಿದಾಗ ಬೀಗ ಮುರಿದಿತ್ತು. ಒಳಗಿದ್ದ 3 ಮೂಟೆ ಒಣ ರಾಶಿ ಅಡಿಕೆ ಇರಲಿಲ್ಲ. ತೂಕ ಸುಮಾರು 195 ಕೆ.ಜಿ., ಬೆಲೆ ಸುಮಾರು 1 ಲಕ್ಷ ರೂಪಾಯಿ. ಚೀಲದ ಮೇಲೆ ನೀಲಿ ಬಣ್ಣದಲ್ಲಿ ನನ್ನ ಗಂಡನ ಹೆಸರಿನ ಮೊದಲ ಅಕ್ಷರ ಇದೆ. ಮುರಿದ ಬೀಗ ಹಾಗೇ ಇಟ್ಟಿದ್ದೇನೆ. ರಾತ್ರಿ 2 ಗಂಟೆ ಹೊತ್ತಿಗೆ ನಾಯಿ ಬೊಗಳಿತ್ತು. ಮನೆಯಲ್ಲಿ ನಾನೊಬ್ಬಳೇ ಇರುವುದರಿಂದ ಹೆದರಿ ದೂರು ಕೊಡಲು ಮೂರು ದಿನ ತಡವಾಯಿತು. ಕಾನೂನು ಕ್ರಮ ತೆಗೆದುಕೊಂಡು ಎಫ್‌ಐಆರ್ ಪ್ರತಿ ಕೊಡಬೇಕಾಗಿ ವಿನಂತಿ."

ಅಷ್ಟೇ. ತಡವಾದದ್ದಕ್ಕೆ ಕಾರಣ ಬರೆದದ್ದು ನೋಡಿದಿರಲ್ಲ? ಅದು ಬಿಟ್ಟರೆ ಮುಂದೆ ಕೋರ್ಟಿನಲ್ಲಿ ಎದುರಿನ ವಕೀಲರು ಮೊದಲು ಹಿಡಿಯುವುದು ಅದನ್ನೇ. ಯಾರ ಮೇಲಾದರೂ ಅನುಮಾನ ಇದ್ದರೆ "ಅನುಮಾನ ಇದೆ" ಅಂತಲೇ ಬರೆಯಿರಿ, ಕಾರಣ ಸಹಿತ. ನೋಡದೇ ಇದ್ದವರನ್ನು ನೋಡಿದೆ ಅಂತ ಬರೆಯಬೇಡಿ. ಹಳೆ ಸಿಟ್ಟಿಗೆ ಪಕ್ಕದ ಮನೆಯವರ ಹೆಸರು ಸೇರಿಸಬೇಡಿ. ಸುಳ್ಳು ದೂರು ಅಪರಾಧ. ಅದಕ್ಕಿಂತ ದೊಡ್ಡ ಮಾತು, ಒಂದು ಸುಳ್ಳು ಹೆಸರು ಒಂದು ಕೂಲಿ ಮನೆಯ ನಿದ್ದೆ ಕೆಡಿಸುತ್ತದೆ. ನಮ್ಮಲ್ಲಿ ಕಳವಾದಾಗ ಮೊದಲು ಅನುಮಾನ ಬೀಳುವುದು ಕೂಲಿಯವರ ಮೇಲೇ ಅಲ್ವಾ? ಪೊಲೀಸರ ಭಯ ಎಲ್ಲರಿಗಿಂತ ಜಾಸ್ತಿ ಇರುವುದೂ ಅವರಿಗೇ.

5. ಠಾಣೆಗೆ ಹೋಗುವ ದಿನ

ದೂರಿನ ಎರಡು ಪ್ರತಿ, ಆಧಾರ್ ಜೆರಾಕ್ಸ್, ಒಂದು ಪೆನ್ನು. ತುರ್ತು ಇಲ್ಲದಿದ್ದರೆ ಬೆಳಿಗ್ಗೆ ಹೋಗಿ. ಜೊತೆಗೆ ಒಬ್ಬರು ಇರಲಿ. ಆ ಒಬ್ಬರು ಯಾರು ಅನ್ನುವುದು ಬಹಳ ಮುಖ್ಯ. "ನಂಗೆ ಎಸ್‌ಐ ಗೊತ್ತು, ನೀನು ಸುಮ್ನಿರು, ನಾನು ಮಾತಾಡ್ತೀನಿ" ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಅವರನ್ನು ಕರೆದುಕೊಂಡು ಹೋಗಬೇಡಿ. ಹಾಗೆ ಹೋದರೆ ಕೇಸು ನಿಮ್ಮದು, ಮಾತು ಅವರದ್ದು. ಎದುರು ಪಾರ್ಟಿಯ ಜೊತೆ ರಾಜಿಯೂ ಅವರೇ ಮಾಡಿಬಿಡುತ್ತಾರೆ. ಪೊಲೀಸರ ಹೆಸರಲ್ಲಿ ಕೈ ಬದಲಾಗುವ ಎಷ್ಟೋ ದುಡ್ಡು ಠಾಣೆಯ ಒಳಗೆ ಹೋಗುವುದೇ ಇಲ್ಲ. ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಓದಲು ಬರೆಯಲು ಬರುವ ಮಗಳು, ಸೊಸೆ, ಸ್ವಸಹಾಯ ಸಂಘದ ಗೆಳತಿ, ಶಾಲೆಯ ಮೇಷ್ಟ್ರು, ಇವರಲ್ಲಿ ಯಾರಾದರೂ ಸಾಕು. ಮಾತು ನೀವೇ ಆಡಿ.

ಒಳಗೆ ಹೋದ ತಕ್ಷಣ ಸೆಂಟ್ರಿ ಕೇಳುತ್ತಾರೆ, "ಏನು?" ಅಂತ. "ಕಳ್ಳತನದ ದೂರು ಕೊಡೋಕೆ ಬಂದಿದ್ದೀವಿ, ಠಾಣಾಧಿಕಾರಿಗಳನ್ನ ಕಾಣ್ಬೇಕು." ಇಷ್ಟೇ ಹೇಳಿ. ಅಲ್ಲೇ ಪೂರ್ತಿ ಕತೆ ಶುರು ಮಾಡಬೇಡಿ. ಎಸ್‌ಐ ಇಲ್ಲ ಅಂದರೆ ಠಾಣೆಯ ಉಸ್ತುವಾರಿಯಲ್ಲಿ ಇರುವವರು ಯಾರು ಅಂತ ಕೇಳಿ. ಠಾಣೆ ಅಂದಮೇಲೆ ಯಾರಾದರೂ ಒಬ್ಬರು ಉಸ್ತುವಾರಿ ಇದ್ದೇ ಇರುತ್ತಾರೆ. ಕೂರಲು ಕುರ್ಚಿ ಇದ್ದರೆ ಕೂತುಕೊಳ್ಳಿ. ನಿಂತೇ ಮಾತಾಡಬೇಕು ಅನ್ನುವ ನಿಯಮ ಎಲ್ಲೂ ಇಲ್ಲ.

ಅಕ್ಕನನ್ನು ರೈಟರ್ ಕೇಳಿದ ಮೊದಲ ಪ್ರಶ್ನೆ, "ಮೂರು ದಿನ ಎಂತ ಮಾಡ್ತಿದ್ರಿ?" ದನಿ ಗಡುಸಾಗಿತ್ತು. ಅಕ್ಕ ನನ್ನ ಮುಖ ನೋಡಿದರು. ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು, "ಹೆದ್ರಿಕೆ ಆಗಿತ್ತು ಸರ್. ಬರ್ದಿದೀವಿ ಅದ್ರಲ್ಲಿ." ರೈಟರ್ ಕಾಗದ ತೆಗೆದುಕೊಂಡು ಓದಿದರು. ಆಮೇಲೆ ದನಿ ಬದಲಾಯಿತು.

ಲೈಂಗಿಕ ದೌರ್ಜನ್ಯದಂಥ ವಿಷಯಗಳಲ್ಲಿ ಹೆಣ್ಣುಮಕ್ಕಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಹಾಗಂತ ಕೇಳುವುದು ಉಪಕಾರ ಬೇಡಿದ ಹಾಗಲ್ಲ.

6. ಬರುವಾಗ ಕೈಯಲ್ಲಿ ಏನಿರಬೇಕು?

ಎಫ್‌ಐಆರ್ ಆದರೆ ಅದರ ಪ್ರತಿ, ಉಚಿತವಾಗಿ. ಎನ್‌ಸಿ ಅಂದರೆ ಅದರ ನಂಬರ್ ಇರುವ ಹಿಂಬರಹ, ಅಂದರೆ ಠಾಣೆಯ ಲಿಖಿತ ಉತ್ತರ. ಎರಡೂ ಇಲ್ಲ, "ನೋಡ್ತೀವಿ ಹೋಗಿ" ಅಂದರೆ ಕನಿಷ್ಠ ನಿಮ್ಮ ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ. ಈ ಮೂರರಲ್ಲಿ ಒಂದಾದರೂ ಇಲ್ಲದೆ ಗೇಟು ದಾಟಬೇಡಿ.

2024ರ ಜುಲೈ 1ರಿಂದ ಪೊಲೀಸರು, ಕೋರ್ಟು ನಡೆದುಕೊಳ್ಳಬೇಕಾದ ಕ್ರಮ ಹೇಳುವ ಹಳೆಯ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173ನೇ ಸೆಕ್ಷನ್ ನೆನಪಿರಲಿ. ಮೂರು ವಿಷಯ ಅದರಲ್ಲಿದೆ. ಒಂದು, ಕಾಗ್ನಿಜಬಲ್ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದೇ ಝೀರೋ ಎಫ್‌ಐಆರ್. ಶಿವಮೊಗ್ಗದಲ್ಲಿ ಓದುವ ಮಗಳಿಗೆ ಬೆಂಗಳೂರಿನಲ್ಲಿ ಏನಾದರೂ ಆದರೆ ಇಲ್ಲಿನ ಠಾಣೆಯಲ್ಲೇ ಕೊಡಬಹುದು. "ನಮ್ಮ ಲಿಮಿಟ್ಸ್ ಅಲ್ಲ" ಅನ್ನುವ ಉತ್ತರಕ್ಕೆ ಈಗ ಕಾನೂನಿನ ಬೆಂಬಲ ಇಲ್ಲ. ಎರಡು, ಇಮೇಲ್‌ನಂಥ ಎಲೆಕ್ಟ್ರಾನಿಕ್ ದಾರಿಯಲ್ಲೂ ಮಾಹಿತಿ ಕಳಿಸಬಹುದು. ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಆಷಾಢದ ಮಳೆಯಲ್ಲಿ ಬಸ್ಸು ನಿಂತಾಗ ಇದು ಉಪಯೋಗಕ್ಕೆ ಬರುತ್ತದೆ. ಮೂರು, 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. "ವಿಚಾರಣೆ ಮಾಡಿ ಹೇಳ್ತೀವಿ" ಅಂದರೆ ದಿನ ಎಣಿಸಿ, 14 ಆದಮೇಲೆ ಹೋಗಿ ಕೇಳಿ.

ಕಾಗ್ನಿಜಬಲ್ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ.

ಒಂದು ಎಚ್ಚರಿಕೆ. ಎಷ್ಟೋ ಸಲ ಎಫ್‌ಐಆರ್ ಬದಲು ಎರಡೂ ಕಡೆಯವರನ್ನು ಕೂರಿಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಗಂಡ ಹೆಂಡಿರ ಮಾತು, ಅಣ್ಣ ತಮ್ಮಂದಿರ ಜಗಳ ಹೀಗೆ ಮುಗಿದರೆ ಒಳ್ಳೆಯದೇ. ಆದರೆ ಓದದೆ ಸಹಿ ಹಾಕಬೇಡಿ, ಖಾಲಿ ಹಾಳೆಗಂತೂ ಬೇಡವೇ ಬೇಡ. ನಿಮಗೊಂದು ಪ್ರತಿ ಪಡೆಯಿರಿ.

7. ದೂರು ತೆಗೆದುಕೊಳ್ಳದಿದ್ದರೆ

ಅಲ್ಲಿ ಕೂಗಾಡಬೇಡಿ. ಮನೆಗೆ ಬಂದು ಅದೇ ದೂರಿಗೆ ಒಂದು ಪತ್ರ ಸೇರಿಸಿ, ಯಾವ ದಿನ ಎಷ್ಟು ಹೊತ್ತಿಗೆ ಹೋಗಿದ್ದಿರಿ, ಏನು ಹೇಳಿ ಕಳಿಸಿದರು ಅಂತ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ (ಎಸ್‌ಪಿ) ಸ್ಪೀಡ್ ಪೋಸ್ಟ್ ಮಾಡಿ. ಶಿವಮೊಗ್ಗದ ತನಕ ಹೋಗಬೇಕಾಗಿಲ್ಲ. ಹತ್ತಿರದ ಅಂಚೆ ಕಚೇರಿ ಸಾಕು. ರಸೀದಿಯನ್ನು ಪಹಣಿಯ ಹಾಗೆ ಜೋಪಾನ ಮಾಡಿ. ಎಸ್‌ಪಿಯವರು ತಾವೇ ತನಿಖೆ ಮಾಡಬೇಕು, ಇಲ್ಲವೇ ಕೆಳಗಿನವರಿಗೆ ಹೇಳಿ ಮಾಡಿಸಬೇಕು. ನನ್ನ ಅನುಭವದಲ್ಲಿ ಹತ್ತಕ್ಕೆ ಏಳೆಂಟು ವಿಷಯ ಇಲ್ಲಿಗೇ ದಾರಿಗೆ ಬರುತ್ತವೆ. ಠಾಣೆಯಿಂದಲೇ ಫೋನ್ ಬರುತ್ತದೆ.

ಅಲ್ಲಿಗೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ, ಅಫಿಡವಿಟ್ಟಿನ ಜೊತೆ. ತನಿಖೆ ಮಾಡಿ ಅಂತ ಅವರು ಪೊಲೀಸರಿಗೆ ಆದೇಶ ಕೊಡಬಹುದು. ಇದಕ್ಕೆ ವಕೀಲರು ಬೇಕು. ಫೀಸಿಗೆ ಹೆದರಬೇಡಿ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಇವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಕೊಟ್ಟ ಅರ್ಜಿ ಏನಾಯಿತು ಅಂತ ಮಾಹಿತಿ ಹಕ್ಕಿನಲ್ಲೂ ಕೇಳಬಹುದು. 10 ರೂಪಾಯಿ ಶುಲ್ಕ, 30 ದಿನದ ಗಡುವು.

8. ಪೊಲೀಸರೇ ನಿಮ್ಮನ್ನು ಕರೆದರೆ

"ಸ್ವಲ್ಪ ಸ್ಟೇಷನ್‌ಗೆ ಬಂದು ಹೋಗಿ" ಅನ್ನುವ ಫೋನು. ಇದರಷ್ಟು ಹೊಟ್ಟೆ ಕಿವುಚುವ ಮಾತು ಇನ್ನೊಂದಿಲ್ಲ. ಕೇಳಬೇಕಾದ್ದು ಎರಡೇ ಪ್ರಶ್ನೆ, ಮರ್ಯಾದೆಯಿಂದಲೇ: "ಯಾವ ವಿಷಯಕ್ಕೆ ಸರ್? ಸಾಕ್ಷಿ ಅಂತ ಕರೀತಿದ್ದೀರಾ, ಆರೋಪಿ ಅಂತಲಾ? ನೋಟಿಸ್ ಕೊಟ್ರೆ ಬರ್ತೀನಿ."

ಸಾಕ್ಷಿಯಾಗಿ ಕರೆಯುವುದಾದರೆ ಲಿಖಿತ ಆದೇಶ ಇರಬೇಕು. ಹೆಂಗಸರನ್ನು, 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಠಾಣೆಗೆ ಬನ್ನಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಅವರ ಮನೆಗೇ ಬಂದು ಕೇಳಬೇಕು. ಇದು ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್. ಈ ಒಂದು ಸಾಲು ಗೊತ್ತಿಲ್ಲದೆ ನಮ್ಮಲ್ಲಿ ಎಷ್ಟು ಅಜ್ಜಂದಿರು ಇಡೀ ದಿನ ಠಾಣೆಯ ಬೆಂಚಿನ ಮೇಲೆ ಕೂತಿಲ್ಲ!

ಸಾಕ್ಷಿ ಹೇಳಿಕೆಗೆ ಸಹಿ ಕೇಳಿದರೆ ಹಾಕಬೇಕಾಗಿಲ್ಲ. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸಬಾರದು ಅಂತ ಕಾನೂನೇ ಹೇಳುತ್ತದೆ. ನಿಮ್ಮ ದೂರಿಗೆ, ಸ್ಥಳ ನೋಡಿ ಬರೆಯುವ ಮಹಜರಿಗೆ, ನೋಟಿಸ್ ಮುಟ್ಟಿದ್ದಕ್ಕೆ ಹಾಕುವ ಸಹಿ ಬೇರೆ. ಪೊಲೀಸರ ಮುಂದೆ "ನಾನೇ ಮಾಡಿದ್ದು" ಅಂತ ಒಪ್ಪಿಕೊಂಡರೂ ಆ ತಪ್ಪೊಪ್ಪಿಗೆಯನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಆರೋಪ ಇದ್ದು, 7 ವರ್ಷದೊಳಗಿನ ಶಿಕ್ಷೆಯ ಪ್ರಕರಣವಾದರೆ ಸಾಮಾನ್ಯವಾಗಿ ಮೊದಲು ಹಾಜರಾಗಲು ನೋಟಿಸ್ ಕೊಡಬೇಕು. ಆ ನೋಟಿಸ್‌ಗೆ ತಪ್ಪದೇ ಹೋಗಿ. ಹೋಗದಿದ್ದರೆ ಬಂಧನಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಇದನ್ನು ವಾಟ್ಸಾಪ್‌ನಲ್ಲಿ ಕಳಿಸಬಾರದು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ.

ಬಂಧಿಸಿದರೆ: ಕಾರಣ ಹೇಳಬೇಕು. ಮನೆಯವರಿಗೆ ತಿಳಿಸಬೇಕು. ಬಂಧನದ ಮೆಮೊಗೆ ಮನೆಯವರೋ ಊರಿನವರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ವೈದ್ಯರ ಹತ್ತಿರ ತಪಾಸಣೆ ಮಾಡಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಿಚಾರಣೆ ವೇಳೆ ವಕೀಲರನ್ನು ಕಾಣುವ ಹಕ್ಕಿದೆ. ವಿಶೇಷ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸುವ ಹಾಗಿಲ್ಲ. ಹೊಡೆದಿದ್ದರೆ ಮ್ಯಾಜಿಸ್ಟ್ರೇಟರಿಗೂ ವೈದ್ಯರಿಗೂ ಆಗಲೇ ಹೇಳಿ. ಆಮೇಲೆ ಹೇಳಿದರೆ ಗಾಯ ಮಾಯ್ದಿರುತ್ತದೆ.

ಇನ್ನು ವೀಡಿಯೊ ಕಾಲ್‌ನಲ್ಲಿ ಖಾಕಿ ಹಾಕಿಕೊಂಡು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೀವಿ" ಅನ್ನುವವರು. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಫೋನ್ ಕಟ್ ಮಾಡಿ 1930ಕ್ಕೆ ಹೇಳಿ. ಈ ಕಳ್ಳರ ಬಂಡವಾಳ ನಮ್ಮ ಪೊಲೀಸ್ ಭಯವೇ. ಬೀಟ್ ಪೊಲೀಸರ ನಂಬರ್ ಫೋನಿನಲ್ಲಿ ಇರುವ ಮನೆಗೆ ಇವರು ಮೋಸ ಮಾಡುವುದು ಕಷ್ಟ. ಒಂದು ಸಲ ಕೇಳಿದರೆ ಬಣ್ಣ ಬಯಲಾಗುತ್ತದೆ.

9. ದುಡ್ಡು ಕೇಳಿದರೆ, ಕೈ ಮಾಡಿದರೆ

ಲಂಚ ಕೇಳಿದರೆ ಲೋಕಾಯುಕ್ತ. ಶಿವಮೊಗ್ಗದಲ್ಲೇ ಕಚೇರಿ ಇದೆ. ಕೊಡುವ ಮುಂಚೆ ಹೋಗಬೇಕು, ಕೊಟ್ಟಮೇಲೆ ಅಲ್ಲ.

ಹೊಡೆದರೆ, ಅಕ್ರಮವಾಗಿ ಕೂಡಿಹಾಕಿದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯ ಬರೆಸಿ. ಆಮೇಲೆ ಪೊಲೀಸ್ ದೂರು ಪ್ರಾಧಿಕಾರ ಇದೆ. ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಬಂದದ್ದು, ರಾಜ್ಯಕ್ಕೂ ಜಿಲ್ಲೆಗೂ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು, ಆದರೆ ಘಟನೆ ನಡೆದು ಒಂದು ವರ್ಷದೊಳಗೆ. 2020ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು ಅಂತ ಹೇಳಿದೆ. ದೂರಿನಲ್ಲಿ ದಿನ, ಗಂಟೆ ಬರೆದು "ಆ ಸಮಯದ ಸಿಸಿಟಿವಿ ದೃಶ್ಯ ಉಳಿಸಿ" ಅನ್ನುವ ಸಾಲು ಸೇರಿಸಿ. ಒಬ್ಬರ ಮೇಲಿನ ದೂರಿನಿಂದ ಇಡೀ ಇಲಾಖೆ ನಿಮ್ಮ ಶತ್ರು ಆಗುವುದಿಲ್ಲ. ಒಳ್ಳೆಯ ಪೊಲೀಸರಿಗೆ ಇಂಥವರಿಂದ ನಮಗಿಂತ ಜಾಸ್ತಿ ಬೇಸರ ಇರುತ್ತದೆ.

10. ರಸ್ತೆಯಲ್ಲಿ ಯಾರೋ ಬಿದ್ದಿದ್ದರೆ

ಆಗುಂಬೆ ಘಾಟಿಯಲ್ಲಿ, ಶಿವಮೊಗ್ಗ ತೀರ್ಥಹಳ್ಳಿ ರಸ್ತೆಯಲ್ಲಿ ಬೈಕು ಬಿದ್ದು ರಕ್ತ ಹರಿಯುತ್ತಿದ್ದರೂ ಕಾರು ನಿಲ್ಲಿಸದೆ ಹೋಗುವವರಿದ್ದಾರೆ. ಕಲ್ಲು ಮನಸ್ಸಿನವರಲ್ಲ ಅವರು. "ಆಮೇಲೆ ಪೊಲೀಸ್, ಕೋರ್ಟು ಯಾರು ಅಲೀತಾರೆ?" ಅನ್ನುವ ಭಯ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿಸಿದ್ದಾರೆ. ಸದುದ್ದೇಶದಿಂದ ನೆರವಾದವರ ಮೇಲೆ ಕೇಸು ಹಾಕುವ ಹಾಗಿಲ್ಲ. ಹೆಸರು, ವಿಳಾಸ ಹೇಳಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಆಸ್ಪತ್ರೆಗೆ ಸೇರಿಸಿ ನೀವು ಹೊರಡಬಹುದು. ನಿಲ್ಲಿಸಿ, ದಯವಿಟ್ಟು ನಿಲ್ಲಿಸಿ.

11. ಕೇಸು ಆದಮೇಲೆ

ದೂರು ಕೊಟ್ಟು ಮನೆಯಲ್ಲಿ ಕೂತರೆ ಅದು ಕಡತದ ಕೆಳಗೆ ಹೋಗುತ್ತದೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ಪೊಲೀಸರು ತಿಳಿಸಬೇಕು. ಅದು ಅವರ ಕರ್ತವ್ಯ ಅಂತ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಇದೆ. ಎಫ್‌ಐಆರ್ ಆದ ದಿನವೇ ಲೆಕ್ಕ ಹಾಕಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮುಂದೆ ಬಿ ರಿಪೋರ್ಟ್ ಹಾಕಿದರೆ, ಅಂದರೆ ಸಾಕ್ಷ್ಯ ಸಿಗಲಿಲ್ಲ ಅಂತ ಮುಗಿಸಿದರೆ, ಅದನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು.

ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು. ಆ ದಿನ ಬಂದಾಗ ನಾನು ಊರಲ್ಲಿರಲಿಲ್ಲ. ಸಂಜೆ ಫೋನ್ ಮಾಡಿದರು. "ನಾನೇ ಹೋಗಿ ಬಂದೆ ತಮ್ಮಾ. ಎಫ್‌ಐಆರ್ ಕಾಗದ ತಗೊಂಡು ಹೋಗಿದ್ದೆ. ಅಡಿಕೆ ಇನ್ನೂ ಸಿಕ್ಕಿಲ್ಲ ಅಂದ್ರು. ಬರ್ಕೊಡಿ ಅಂದೆ, ಬರ್ಕೊಟ್ರು."